ಮೇಷ್ಟ್ರು ಹೆಂಚು ಕೈಯಾಡಿಸಿದ್ದು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಮೇಲೆ ನನ್ನ ಹೆಂಡತಿ ಹಾಲಿನ ಲೆಕ್ಕ, ತೋಟದ ಆಳುಗಳ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾಳೆ. ಈ ಸಲದ ಮೇ ತಿಂಗಳ ಹಾಳೆಯಲ್ಲಿ ಇವುಗಳ ಜೊತೆಗೆ ಬೇರೆ ಕೆಲವು ಶಬ್ದಗಳೂ ಇವೆ. 17ನೇ ತಾರೀಕಿನ ಮನೆಯಲ್ಲಿ ‘ಏಣಿ’, 18ರಲ್ಲಿ ‘ಕಾಲು’, 23ರಲ್ಲಿ ‘ಕ್ಲೋರಿನ್’. ಯಾರಾದರೂ ನೆಂಟರು ಬಂದು ಅದನ್ನು ಓದಿ ಏನೆಂದು ಕೇಳಿದರೆ ಅವಳು ಏನೂ ಹೇಳುವುದಿಲ್ಲ. ನನ್ನ ಕಡೆ ಒಮ್ಮೆ ನೋಡುತ್ತಾಳೆ, ಅಷ್ಟೇ.

ನಮ್ಮ ಮನೆಯಲ್ಲಿ ಇದುವರೆಗೆ ಆದ ಅವಘಡಗಳಲ್ಲಿ ತಾನಾಗಿ ಬಂದದ್ದು ಒಂದೂ ಇಲ್ಲ. ಎಲ್ಲವೂ ನಾನು ಅವಘಡ ಆಗದಂತೆ ನೋಡಿಕೊಳ್ಳಲು ಹೊರಟಾಗ ಆದವು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳ್ಳಿಮನೆ ನಮ್ಮದು. ಇಲ್ಲಿ ಮಳೆಗಾಲವೆಂದರೆ ನಾಲ್ಕು ತಿಂಗಳು ಮನೆಯ ಮೇಲೆ ಯಾರೋ ಕೂತು ನೀರು ಹೊಯ್ದ ಹಾಗೆ. ಆದ್ದರಿಂದ ರೋಹಿಣಿ ಮಳೆ ಶುರುವಾಗುವುದರೊಳಗೆ ಕಟ್ಟಿಗೆ ಒಳಗೆ ಸೇರಬೇಕು, ಜಗುಲಿಗೆ ಇರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟಬೇಕು, ಅಂಗಳದ ಹಾವಸೆ (ಪಾಚಿ) ತೆಗೆಯಬೇಕು, ಎಲ್ಲಕ್ಕಿಂತ ಮೊದಲು ಹೆಂಚು ಕೈಯಾಡಿಸಬೇಕು. ಅಂದರೆ ಮಂಗಗಳು ಎಳೆದಾಡಿದ ಹೆಂಚುಗಳನ್ನು ಸರಿಯಾಗಿ ಕೂರಿಸಿ, ಒಡೆದದ್ದನ್ನು ಬದಲಿಸಿ, ಸಂದಿಯಲ್ಲಿ ತುಂಬಿದ ಕಸ ಗುಡಿಸುವುದು. ನಮ್ಮ ಪಾಲಿಗೆ ಅದು ವರ್ಷಾವಧಿ ಹಬ್ಬದಷ್ಟೇ ನಿಶ್ಚಿತ.

ಇಪ್ಪತ್ತು ವರ್ಷದಿಂದ ಈ ಕೆಲಸಕ್ಕೆ ಒಬ್ಬನೇ ಮೇಸ್ತ್ರಿ. ಈ ಸಲ ಫೋನ್ ಮಾಡಿದರೆ, “ಮೃಗಶಿರೆ ಹುಟ್ಟಿದ ಮೇಲೆ ಬರುತ್ತೇನೆ ಮೇಷ್ಟ್ರೇ, ಕೈತುಂಬ ಕೆಲಸ” ಎಂದ. ಮೃಗಶಿರೆ ಹುಟ್ಟುವುದು ಜೂನ್ 8ರ ಆಸುಪಾಸಿನಲ್ಲಿ. ಆ ಹೊತ್ತಿಗೆ ಹೆಂಚು ಕೈಯಾಡಿಸುವುದೆಂದರೆ ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ. ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಬೇಸಿಗೆ ರಜೆ ಇತ್ತು, ಮನೆಯಲ್ಲಿ ಬಿದಿರಿನ ಏಣಿ ಇತ್ತು, ತಲೆಯಲ್ಲಿ ಗುರುತ್ವಾಕರ್ಷಣೆಯ ಪಾಠವಿತ್ತು. ನಾನೇ ಹತ್ತುತ್ತೇನೆ ಎಂದೆ.

“ಮಾಣಿ, ಬೇಡ” ಎಂದರು ಅಮ್ಮ. ನನಗೆ 52 ವರ್ಷ. ಆದರೂ ಅಮ್ಮನ ಬಾಯಲ್ಲಿ ಇನ್ನೂ ಮಾಣಿಯೇ.

ಏಣಿ ಇಡುವುದಕ್ಕೆ ಒಂದು ಲೆಕ್ಕವಿದೆ. 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಗೋಡೆಯಿಂದ ದೂರ ಇರಬೇಕು. ಅದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಮಗುಚುತ್ತದೆ, ದೂರ ಇಟ್ಟರೆ ಜಾರುತ್ತದೆ. ನಮ್ಮ ಸೂರು 12 ಅಡಿ. ಟೇಪಿನಲ್ಲಿ ಅಳೆದು ಸರಿಯಾಗಿ 3 ಅಡಿಗೆ ಸೀಮೆಸುಣ್ಣದ ಗೆರೆ ಎಳೆದೆ. ಅಷ್ಟರವರೆಗೆ ನನ್ನ ಕೆಲಸದಲ್ಲಿ ದೋಷ ಹುಡುಕುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಆಮೇಲೆ, ಸಿಮೆಂಟಿನ ಅಂಗಳದಲ್ಲಿ ಬಿದಿರು ಜಾರೀತು ಎಂಬ ಮುನ್ನೆಚ್ಚರಿಕೆಯಿಂದ, ಏಣಿಯ ಬುಡಕ್ಕೆ ಒಂದು ಗೋಣಿಚೀಲ ಹಾಸಿದೆ.

ಬಿದಿರು ಗೋಣಿಯ ಮೇಲೆ ಜಾರಲಿಲ್ಲ. ಗೋಣಿಯೇ ಅಂಗಳದ ಮೇಲೆ ಜಾರಿತು. ಎಂಟನೆಯ ಮೆಟ್ಟಿಲಲ್ಲಿದ್ದ ನನ್ನ ಕೈಗೆ ಸೂರಿನ ಪಕಾಸಿಯ ತುದಿ ಸಿಕ್ಕಿತು. ಏಣಿ ಸದ್ದು ಮಾಡಿಕೊಂಡು ಕೆಳಗೆ ಹೋಯಿತು. ನಾನು ಬಾವಲಿಯ ಹಾಗೆ ನೇತಾಡುತ್ತ, ಸದ್ದಾಗದಂತೆ ಹೇಗೆ ಇಳಿಯುವುದೆಂದು ಯೋಚಿಸುತ್ತಿದ್ದೆ. ನಮ್ಮ ಪುಣ್ಯಕ್ಕೆ ಗಂಡಸರು ನೇತಾಡುವಾಗಲೂ ಮರ್ಯಾದೆಯ ಚಿಂತೆ ಬಿಡುವುದಿಲ್ಲ. ಹಟ್ಟಿಗೆ ಹಾಕಲೆಂದು ಗುಡಿಸಿ ತಂದ ದರಗಿನ ರಾಶಿ ಕೆಳಗಿತ್ತು. ಕೈ ಬಿಟ್ಟೆ. ಒಣ ಎಲೆಯ ಮೇಲೆ ಬಿದ್ದ ಮನುಷ್ಯನ ಸದ್ದು ಮೂರು ಮನೆಗೆ ಕೇಳುತ್ತದೆ ಎಂಬುದು ಅಂದು ತಿಳಿಯಿತು.

ಮರುದಿನ ಹೆಂಡತಿ ಕೆಳಗೆ ನಿಂತು ಏಣಿ ಹಿಡಿದಳು. ಗೋಣಿಚೀಲವನ್ನು ಬೆಳಿಗ್ಗೆಯೇ ಎಲ್ಲಿಯೋ ಬಚ್ಚಿಟ್ಟಿದ್ದಳು. ಈ ಸಲ ಮೇಲೆ ತಲುಪಿದೆ.

ಮಾಡಿನ ಮೇಲೆ ಕೂತರೆ ಮನುಷ್ಯನಿಗೆ ಇತಿಹಾಸಪ್ರಜ್ಞೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಅಲ್ಲಿಂದ ಮುಂದೆ ಘಟ್ಟ ಹತ್ತಿ ಬಂದ ಹೆಂಚು ನಮ್ಮ ಕಡೆಯ ಸೋಗೆಯ ಮಾಡುಗಳನ್ನೆಲ್ಲ ಒಂದೊಂದಾಗಿ ಇಳಿಸಿತು. ಒಂದು ಹೆಂಚನ್ನು ಎತ್ತಿ ಮಗುಚಿ ನೋಡಿದರೆ ಅದರ ಜಾಣತನ ಗೊತ್ತಾಗುತ್ತದೆ: ಹಿಂದೆ ಮರದ ರೀಪಿಗೆ ಕಚ್ಚಿಕೊಳ್ಳಲು ಮೂಗು, ಪಕ್ಕದಲ್ಲಿ ನೆರೆಯ ಹೆಂಚಿನ ಅಂಚು ಕೂರಲು ಕಾಲುವೆ. ಮೊಳೆ ಬೇಡ, ಗಾರೆ ಬೇಡ. ಒಂದು ಅರ್ಧ ಇಂಚು ಸರಿದರೆ ಮಾತ್ರ ಕೆಳಗೆ ಒಂದು ಬಕೆಟ್ ಬೇಕು. ಮೇಸ್ತ್ರಿ ಕಾಲಿಡುವುದು ಹೆಂಚಿನ ಕೆಳಗೆ ರೀಪು ಇರುವ ನೆಲೆಯ ಮೇಲೆ ಮಾತ್ರ, ನಡುವೆ ಮೆಟ್ಟಿದರೆ ಹೆಂಚು ಒಡೆಯುತ್ತದೆ. ಇದು ನನಗೆ ಗೊತ್ತಿತ್ತು. ಹಾಗೆಯೇ ಕಾಲಿಡುತ್ತ ಹೋದೆ. ಒಂದು ಗಂಟೆಯಲ್ಲಿ ಹತ್ತೆಂಟು ಹೆಂಚು ಸರಿಮಾಡಿದೆ. ಒಂದು ಹೆಂಚಿನಡಿ ಚೇಳು ಸಿಕ್ಕಿತು. ಅದು ಕೊಂಡಿ ಎತ್ತಿ, ನೋಡಿ, ತಾನಾಗಿಯೇ ಹೋಯಿತು. ಅದಕ್ಕೂ ರಜೆ ಇದ್ದಿರಬೇಕು.

ನಮ್ಮ ಅಡುಗೆಮನೆಗೆ ಹೆಂಚಿನಡಿ ಮುಚ್ಚಿಗೆ ಇಲ್ಲ. ಹೊಗೆ ಹೋಗಬೇಕಲ್ಲ. ಬೆಳಕಿಗೆಂದು ಒಂದು ಗಾಜಿನ ಹೆಂಚು ಇದೆ. ಅದರ ಮೇಲೆ ವರ್ಷಗಟ್ಟಲೆ ಧೂಳು, ಮಸಿ, ಮಾವಿನೆಲೆ ಕೂತು ಅದೂ ಮಣ್ಣಿನ ಹೆಂಚಿನ ಬಣ್ಣಕ್ಕೇ ತಿರುಗಿತ್ತು. ಅದರ ಪಕ್ಕದ ಹೆಂಚನ್ನು ಜಾಗ್ರತೆಯಿಂದ ನೋಡುತ್ತ, ಕಾಲನ್ನು ಇದರ ಮೇಲೆ ಇಟ್ಟೆ.

ಕೆಳಗೆ ಅಂದು ಹಲಸಿನ ಹಪ್ಪಳ. ಎರಡು ದೊಡ್ಡ ಬೆಳೆದ ಕಾಯಿ ಒಡೆದು, ಸೊಳೆ ಬೇಯಿಸಿ, ಒನಕೆಯಲ್ಲಿ ಕುಟ್ಟಿ, ಮೆಣಸು ಕೊತ್ತಂಬರಿ ಉಪ್ಪು ಹಾಕಿ ನಾದಿದ ಹಿಟ್ಟು ದೊಡ್ಡ ಪಾತ್ರೆಯಲ್ಲಿತ್ತು. ಅಮ್ಮನೂ ಪಕ್ಕದ ಮನೆಯ ಅತ್ತಿಗೆಯೂ ಉಂಡೆ ಕಟ್ಟಿ ಬಾಳೆಲೆಯ ನಡುವೆ ಒತ್ತುತ್ತಿದ್ದರು. ಆಮೇಲೆ ಅತ್ತಿಗೆ ಊರಿಗೆಲ್ಲ ಹೇಳಿದ ಪ್ರಕಾರ, ಮೊದಲು ‘ಫಳ್’ ಎಂಬ ಸದ್ದು, ಹಿಂದೆಯೇ ಬೆಳಕು, ಬೆಳಕಿನ ಹಿಂದೆ ಒಂದು ಕಾಲು.

ಕಾಲು ಮೊಣಕಾಲಿನವರೆಗೆ ಇಳಿದು ನಿಂತಿತು. ಅಂಗಳದಲ್ಲಿ ಏಣಿ ಹಿಡಿದಿದ್ದ ಹೆಂಡತಿ ಒಳಗೆ ಓಡಿಬಂದಳು. ಅತ್ತಿಗೆ ಯಾರ ಕಾಲೆಂದು ಕೇಳಿದ್ದು ಮೇಲಿದ್ದ ನನಗೂ ಕೇಳಿಸಿತು. ಹೆಂಡತಿ ಒಮ್ಮೆ ತಲೆ ಎತ್ತಿ ನೋಡಿ ಹೇಳಿದಳು: “ಆ ಹೆಬ್ಬೆರಳಿನ ಉಗುರು ನಮ್ಮ ಮನೆಯದೇ.”

ಗಾಜು ಗೀರಿದ್ದು ಆಳವಿರಲಿಲ್ಲ. ಆಸ್ಪತ್ರೆಯಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಕೊಡುತ್ತ ಡಾಕ್ಟರು, “ಎಲ್ಲಿಂದ ಬಿದ್ದಿರಿ ಮೇಷ್ಟ್ರೇ?” ಎಂದು ಕೇಳಿದರು. “ಬೀಳಲಿಲ್ಲ. ಅರ್ಧ ಇಳಿದೆ” ಎಂದೆ. ಹಪ್ಪಳದ ಹಿಟ್ಟಿಗೆ ಮಾತ್ರ ಚಿಕಿತ್ಸೆ ಇರಲಿಲ್ಲ. ಗಾಜಿನ ಚೂರು ಬಿದ್ದ ಹಿಟ್ಟನ್ನು ದನಕ್ಕೂ ಹಾಕುವಂತಿಲ್ಲ. ಇನ್ನೂರು ಹಪ್ಪಳ ಆಗಬೇಕಾದದ್ದು ಪೂರ್ತಿ ಗುಂಡಿಗೆ ಹೋಯಿತು. ಮನೆಯಲ್ಲಿ ಎರಡು ದಿನ ಮೌನ. ಆ ಮೌನ ನನ್ನ ಕಾಲಿನ ಬಗ್ಗೆ ಎಂದು ಮೊದಲ ದಿನ ಭಾವಿಸಿದ್ದೆ.

ಗಾಜಿನ ಹೆಂಚು ಪೇಟೆಯಲ್ಲಿ ಸಿಗಲಿಲ್ಲ. ಒಳಗಿನಿಂದ ಒಂದು ಅಡಿಕೆ ಹಾಳೆ ಸಿಕ್ಕಿಸಿ ತೂತು ಮುಚ್ಚಿದೆ. ಅಡುಗೆಮನೆಗೆ ಹಗಲಿನಲ್ಲೇ ಕತ್ತಲಾಯಿತು. ಸಕ್ಕರೆ ಡಬ್ಬಿಯೂ ಉಪ್ಪಿನ ಡಬ್ಬಿಯೂ ಅಕ್ಕಪಕ್ಕದಲ್ಲಿರುವ ಮನೆಯಲ್ಲಿ ಕತ್ತಲೆಯ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಕುಡಿದವನು ನಾನೇ. ಎಷ್ಟೋ ಸಲ ಅನುಮಾನ ಬಂದಿದೆ, ಅದು ಕತ್ತಲೆಯ ಕೆಲಸವೇ ಆಗಿತ್ತೇ ಎಂದು.

ನಡುವೆ ಒಂದು ಸಂಜೆ ಗುಡುಗು ಮಿಂಚು. ಮುಂಗಾರಿಗೆ ಮೊದಲಿನ ಸಿಡಿಲು ನಮ್ಮ ಕಡೆ ಬಹಳ ಕೆಟ್ಟದ್ದು, ತೆಂಗಿನಮರವನ್ನೂ ಟಿವಿಯನ್ನೂ ಒಂದೇ ಏಟಿಗೆ ತೆಗೆಯುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಲೆಕ್ಕ. ನಾನು ಜಗುಲಿಯಲ್ಲಿ ನಿಂತು ಒಂಬತ್ತು, ಆರು, ನಾಲ್ಕು ಎಂದು ಗಟ್ಟಿಯಾಗಿ ಎಣಿಸುತ್ತಿದ್ದರೆ, “ಎಣಿಸಿದ್ದು ಸಾಕು, ಒಳಗೆ ಬಾ” ಎಂದು ಅಮ್ಮ ತೋಳು ಹಿಡಿದು ಎಳೆದರು. ಒಳಗೆ ಹೋದವನೇ ಫ್ರಿಜ್, ಟಿವಿ, ಇನ್ವರ್ಟರ್ ಎಲ್ಲದರ ಪ್ಲಗ್ ಕಿತ್ತೆ. ಸಿಡಿಲು ಎಲ್ಲಿಯೋ ದೂರ ಹೋಯಿತು. ಇನ್ವರ್ಟರಿನ ಪ್ಲಗ್ ಮರಳಿ ಹಾಕುವುದನ್ನು ಮಾತ್ರ ಮರೆತೆ. ಮುಂದಿನ ವಾರ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಹೋದಾಗ, ಸಿಡಿಲಿನಿಂದ ಪಾರಾದ ಇನ್ವರ್ಟರ್ ಗೋಡೆಯ ಬದಿಯಲ್ಲಿ ಹೊಚ್ಚಹೊಸದರಂತೆ ಸುಮ್ಮನೆ ಕೂತಿತ್ತು.

ಇನ್ನು ಕ್ಲೋರಿನ್. ಇದನ್ನು ಬರೆಯುವುದು ಕಷ್ಟ, ಏಕೆಂದರೆ ನನ್ನ ವಿದ್ಯಾರ್ಥಿಗಳು ಓದುತ್ತಾರೆ. ಅಂಗಳದ ಹಾವಸೆ ಬೇಸಿಗೆಯಲ್ಲಿ ಸತ್ತ ಹಾಗೆ ಕಪ್ಪಗೆ ಒಣಗಿ ಅಂಟಿಕೊಂಡಿರುತ್ತದೆ. ಎರಡು ಮಳೆ ಬಿದ್ದರೆ ಸಾಕು, ಜೀವ ಬಂದು ಹಸಿರಾಗಿ, ನಡೆಯುವವರನ್ನು ಕೈಕಾಲು ಮುರಿದು ಮಲಗಿಸುತ್ತದೆ. ಅಮ್ಮನ ಕಾಲದಲ್ಲಿ ಅದರ ತಂಟೆಗೆ ಹೋಗುತ್ತಿರಲಿಲ್ಲ. ಅಡಿಕೆ ಮರ ಸೀಳಿದ ದಬ್ಬೆಯನ್ನು ಮೆಟ್ಟಿಲಿನಿಂದ ಕೊಟ್ಟಿಗೆಯವರೆಗೆ ಹಾಸಿ ಅದರ ಮೇಲೆ ನಡೆಯುತ್ತಿದ್ದರು. ನಾನು ಬ್ಲೀಚಿಂಗ್ ಪೌಡರ್ ತಂದು ಎರಚಿ, ನೀರು ಹಾಕಿ, ತಂತಿಯ ಬ್ರಷ್ಷಿನಲ್ಲಿ ತಿಕ್ಕಿದೆ. ಅರ್ಧ ಅಂಗಳ ಹಲ್ಲುಜ್ಜಿದ ಹಾಗೆ ಬೆಳ್ಳಗಾಯಿತು. ಉಳಿದರ್ಧದ ಹಾವಸೆ ಹಟಮಾರಿ. ಬಚ್ಚಲು ತೊಳೆಯುವ ಆಸಿಡ್ ಕಣ್ಣಿಗೆ ಬಿತ್ತು. ಬ್ಲೀಚಿಂಗ್ ಪೌಡರಿನ ಮೇಲೆಯೇ ಹೊಯ್ದೆ.

ಬ್ಲೀಚಿಂಗ್ ಪೌಡರಿಗೆ ಆಮ್ಲ ಸೇರಿದರೆ ಯಾವ ಅನಿಲ ಬಿಡುಗಡೆಯಾಗುತ್ತದೆ ಎಂಬ ಪ್ರಶ್ನೆಯನ್ನು ನಾನೇ ಎಷ್ಟೋ ವರ್ಷದಿಂದ ಹತ್ತನೇ ತರಗತಿಯವರಿಗೆ ಕೇಳುತ್ತ ಬಂದಿದ್ದೇನೆ. ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಉತ್ತರ ನನಗೆ ಮೂಗಿನಲ್ಲಿ ಹೊಳೆಯಿತು. ಬ್ರಷ್ ಅಲ್ಲಿಯೇ ಬಿಟ್ಟು, ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಜಗುಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಮ್ಮನನ್ನು ಎಬ್ಬಿಸಿಕೊಂಡು ಹಿತ್ತಿಲಿಗೆ ಓಡಿದೆ. ಬಯಲಾದ್ದರಿಂದ ಬಚಾವಾದೆವು. ಬಾಗಿಲು ಹಾಕಿದ ಬಚ್ಚಲಲ್ಲಿ ಹಾಗೆ ಮಾಡಿದ್ದರೆ ಈ ಬರಹವನ್ನು ಬೇರೆ ಯಾರಾದರೂ, ಬೇರೆ ಧಾಟಿಯಲ್ಲಿ ಬರೆಯಬೇಕಾಗುತ್ತಿತ್ತು. ಅಂಗಳ ಅರ್ಧ ಬಿಳಿ, ಅರ್ಧ ಕಪ್ಪು ಉಳಿಯಿತು.

ಮೃಗಶಿರೆ ಹೇಳಿದ ದಿನಕ್ಕೇ ಹುಟ್ಟಿತು. ಕಪ್ಪು ಅರ್ಧ ನಾಲ್ಕೇ ದಿನದಲ್ಲಿ ಹಸಿರಾಯಿತು. ಅಡಿಕೆ ಹಾಳೆಯ ಬದಿಯಿಂದ ನೀರು ಒಲೆಕಟ್ಟೆಯ ಮೇಲೆ ಒಂದೇ ಲಯದಲ್ಲಿ ತೊಟ್ಟಿಕ್ಕತೊಡಗಿತು. ಮಳೆ ಬಿಟ್ಟು ಹೊಳವಾದ ಒಂದು ಮಧ್ಯಾಹ್ನ ಮೇಸ್ತ್ರಿ ಕಂಬಳಿ ಕೊಪ್ಪೆ ಹಾಕಿಕೊಂಡು, ಬಗಲಲ್ಲಿ ಒಂದು ಗಾಜಿನ ಹೆಂಚು ಇಟ್ಟುಕೊಂಡು ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಹೆಂಚನ್ನು ಜಗುಲಿಯ ಮೇಲಿಟ್ಟು, “ನೀವು ಬರೀ ಏಣಿ ಹಿಡಿದುಕೊಳ್ಳಿ ಮೇಷ್ಟ್ರೇ” ಎಂದವನು, ಬರಿಗಾಲಿನಲ್ಲಿ ಬೆಕ್ಕಿನ ಹಾಗೆ ಮೇಲೆ ಹೋದ. ಮಾಡಿನ ಮೇಲೆ ಅವನ ಹೆಜ್ಜೆಯ ಸದ್ದೇ ಇಲ್ಲ. ನಾನು ಎರಡೂ ಕೈಯಲ್ಲಿ ಏಣಿ ಹಿಡಿದು, ಕಾಲು ಅಗಲಿಸಿ, ಕಲ್ಲಿನ ಕಂಬದ ಹಾಗೆ ನಿಂತಿದ್ದೆ.

“ಮೇಷ್ಟ್ರೇ, ಆ ಗಾಜಿನ ಹೆಂಚು ಒಂದು ಕೊಡಿ” ಎಂದ ಮೇಲಿನಿಂದ.

ಕೊಡಲು ಹೋದೆ.

ಹಿಂದೆ ಸದ್ದಾಯಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ, ಆ ಸದ್ದಿನ ಪರಿಚಯ ನನಗಿತ್ತು. ಅದೇ ಹೊತ್ತಿಗೆ ಬೆಟ್ಟದ ಕಡೆಯಿಂದ ಮಳೆ ಹೋ ಎಂದು ಬಂತು. ಮೇಸ್ತ್ರಿ ಮಾಡಿನ ನೆತ್ತಿಯ ಮೇಲೆ ಕೊಪ್ಪೆಯೊಳಗೆ ಮುದುರಿ ಕೂತು, ಹಾಳೆ ಸರಿಸಿದ ತೂತಿನಿಂದ ಅಡುಗೆಮನೆಯೊಳಗೆ ಇಣುಕಿದ.

“ಅಮ್ಮಾ, ಹಲಸಿನ ಹಪ್ಪಳ ಕರಿಯುತ್ತಿದ್ದೀರಾ? ಮೇಲಿನವರೆಗೂ ಪರಿಮಳ” ಎಂದ.

“ಇದು ಎರಡನೇ ಸಲ ಮಾಡಿದ್ದು” ಎಂದಿತು ಒಳಗಿನಿಂದ ಹೆಂಡತಿಯ ಧ್ವನಿ.

ನಾನು ಗಾಜಿನ ಹೆಂಚನ್ನು ಎದೆಗವಚಿಕೊಂಡು ಅಂಗಳಕ್ಕಿಳಿದೆ. ಬಿಳಿಯ ಅರ್ಧದ ಅಂಚಿನವರೆಗೆ ಸಲೀಸಾಗಿ ನಡೆದೆ. ಏಣಿ ಬಿದ್ದದ್ದು ಹಸಿರಿನ ಅರ್ಧದಲ್ಲಿ. ತಲೆ ಎತ್ತಿದರೆ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು, ಕೈಯಲ್ಲಿ ಪೆನ್ಸಿಲ್ ಇತ್ತು.