ಬಡವರ ಮನೆ ರೆಡಿಯಾಗ್ತಿದೆ, ಬಡವರು ಸ್ವಲ್ಪ ಪಕ್ಕಕ್ಕೆ ಸರೀರಿ

ಬೆಂಗಳೂರಿನಲ್ಲಿ ಬಡವರಿಗೆ ಮನೆ ಕಟ್ಟಿಕೊಡುವ ಕೆಲಸ ಬಹಳ ಶಾಸ್ತ್ರೋಕ್ತವಾಗಿ ನಡೆಯುತ್ತದೆ. ಮೊದಲು ಜಾಗ ನೋಡಬೇಕು. ಜಾಗದಲ್ಲಿ ಬಡವರೇ ಕೂತಿದ್ದರೆ ಕಟ್ಟುವುದು ಹೇಗೆ? ಹಾಗಾಗಿ ಅವರನ್ನು ಎಬ್ಬಿಸಬೇಕು. ಎಬ್ಬಿಸಿದ ಮೇಲೆ ಜಾಗ ಖಾಲಿಯಾಗುತ್ತದೆ. ಕೋರಮಂಗಲದಂಥ ಕಡೆ ಖಾಲಿ ಜಾಗ ಕಂಡರೆ ಯಾರಿಗೆ ತಾನೇ ಮಾಲ್ ಕಟ್ಟುವ ಆಸೆ ಹುಟ್ಟಲ್ಲ ಹೇಳಿ?

ಸುಮ್ನೆ ಹೇಳುತ್ತಿಲ್ಲ. ಕೋರಮಂಗಲದ ಪಕ್ಕದ ಈಜಿಪುರದಲ್ಲಿದ್ದ ಇಡಬ್ಲ್ಯೂಎಸ್, ಅಂದರೆ ಆರ್ಥಿಕವಾಗಿ ದುರ್ಬಲರ, ಕ್ವಾರ್ಟರ್ಸ್ ಕಥೆ ಗೊತ್ತಿದ್ದವರಿಗೆ ಈ ಶಾಸ್ತ್ರ ಬಾಯಿಪಾಠ. 90ರ ದಶಕದ ಹೊತ್ತಿಗೆ ಪಾಲಿಕೆಯೇ ನಿಂತು ಕಟ್ಟಿಸಿದ ಮನೆಗಳವು. ಒಟ್ಟು 42 ಬ್ಲಾಕ್, 1,512 ಮನೆ. ಪೌರಕಾರ್ಮಿಕರು, ಮನೆಗೆಲಸದವರು, ಆಟೋದವರು, ಗಾರೆ ಕೆಲಸದವರು ಬಂದು ಸೇರಿದರು. ಕಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ ಗೋಡೆ ಬಿರುಕು ಬಿಟ್ಟವು. ಒಂದು ಬ್ಲಾಕ್ ಕುಸಿದೇ ಬಿತ್ತು.

ಒಂದು ವಿಷಯ ಗಮನಿಸಿ. 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆಂದು ಕಟ್ಟಿದ ನ್ಯಾಷನಲ್ ಗೇಮ್ಸ್ ವಿಲೇಜ್ ಅಲ್ಲೇ ಪಕ್ಕದಲ್ಲಿದೆ. ಅದೇ ಮಣ್ಣು, ಅದೇ ಮಳೆ. ಅದು ಹಾಗೆ ಕುಸಿದು ಬೀಳಲಿಲ್ಲ. ಸಿಮೆಂಟಿಗೂ ಆದಾಯ ಪ್ರಮಾಣಪತ್ರ ಓದೋಕೆ ಬರುತ್ತೆ ಅನ್ಸುತ್ತೆ.

ಕಟ್ಟಡ ಕುಸಿದ ಮೇಲೆ ಉಳಿದವನ್ನೂ ಕೆಡವಿದರು. ಜನರನ್ನು ಅಲ್ಲೇ ತಗಡಿನ ಶೆಡ್ಡಿಗೆ ಹಾಕಿದರು. ತಾತ್ಕಾಲಿಕ ವ್ಯವಸ್ಥೆ ಅಂದರು. ನಮ್ಮಲ್ಲಿ ತಾತ್ಕಾಲಿಕ ಅಂದರೆ ಎಷ್ಟು ವರ್ಷ ಅನ್ನುವುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಒಳಗಿದ್ದವರು ಬೆಂದರು, ಮಳೆಗಾಲದಲ್ಲಿ ನೆಂದರು. ಅಷ್ಟರಲ್ಲಿ ಫೈಲು ಮಾತ್ರ ಚೆನ್ನಾಗಿ ಬೆಳೆಯಿತು. ಕೊನೆಗೆ ಬಂತು ನೋಡಿ ಸಾರ್ವಜನಿಕ-ಖಾಸಗಿ ಸಹಭಾಗಿತ್ವ. ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ ಕಂಪನಿಯೊಂದು ಬಡವರಿಗೆ ಮನೆ ಕಟ್ಟಿಕೊಡಬೇಕು. ಉಳಿದರ್ಧದಲ್ಲಿ ಅದೇ ಕಂಪನಿ ಮಾಲ್ ಕಟ್ಟಿಕೊಳ್ಳಬಹುದು. ಎಂಥಾ ಉಪಾಯ! ಪಾಲಿಕೆಯ ಬೊಕ್ಕಸದಿಂದ ದುಡ್ಡು ಹೋಗಲ್ಲ, ಜಾಗ ಮಾತ್ರ ಹೋಗುತ್ತೆ. ಜಾಗ ಹೇಗೂ ಬಡವರದ್ದು, ಪಾಲಿಕೆಗೆ ಯಾವ ನಷ್ಟ?

2013ರ ಜನವರಿ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿತ್ತು. ಜೆಸಿಬಿ ಬಂತು, ಪೊಲೀಸರು ಬಂದರು, ಶೆಡ್ಡುಗಳು ನೆಲಸಮವಾದವು. ಸಾವಿರಾರು ಜನ ಪಾತ್ರೆ ಪಡಗ, ಮಕ್ಕಳ ಸ್ಕೂಲ್ ಬ್ಯಾಗ್ ಹಿಡಿದುಕೊಂಡು ರಸ್ತೆಗೆ ಬಂದರು. ಪರೀಕ್ಷೆ ಹತ್ತಿರ ಬರುವ ಕಾಲ. ಮನೆ ಕಟ್ಟಿಕೊಡುವ ಆತುರ ಅಷ್ಟಿತ್ತು, ಮಾರ್ಚ್‌ವರೆಗೂ ಕಾಯೋಕೆ ಆಗಲಿಲ್ಲ. ಆಮೇಲೆ ಆ ಆತುರ ಎಲ್ಲಿಗೆ ಹೋಯಿತೋ ಕಾಣೆ. ಜಾಗಕ್ಕೆ ಬೇಲಿ ಬಂತು, ಬೇಲಿಯೊಳಗೆ ವರ್ಷಗಟ್ಟಲೆ ಹುಲ್ಲು ಬೆಳೆಯಿತು. ಬೇಲಿಯ ಈಚೆ ಫುಟ್‌ಪಾತಿನ ಮೇಲೆ ಕೆಲವು ಕುಟುಂಬಗಳು ಪ್ಲಾಸ್ಟಿಕ್ ಹೊದಿಸಿಕೊಂಡು ಅಷ್ಟೇ ವರ್ಷ ಕಳೆದವು. ಇನ್ನು ಕೆಲವರಿಗೆ ಸರ್ಜಾಪುರ ರಸ್ತೆಯ ಕಡೆ ಸೂಲಿಕುಂಟೆಯಲ್ಲಿ ಮನೆ ತೋರಿಸಿದರು. ಕೋರಮಂಗಲದಲ್ಲಿ ಬೆಳಗ್ಗೆ ಆರಕ್ಕೆ ಪಾತ್ರೆ ತೊಳೆಯಲು ಹೋಗಬೇಕಾದವರು ಅಲ್ಲಿಂದ ಎಷ್ಟು ಗಂಟೆಗೆ ಏಳಬೇಕು? ಆ ಪ್ರಶ್ನೆ ಟೆಂಡರಿನಲ್ಲಿ ಇರಲಿಲ್ಲ.

ಈಜಿಪುರದ ಮಣ್ಣಿನ ಗುಣವೇ ಹಾಗಿರಬೇಕು ಬಿಡಿ. ಅಲ್ಲಿಂದ ಕೇಂದ್ರೀಯ ಸದನದವರೆಗಿನ ಎರಡೂವರೆ ಕಿಲೋಮೀಟರ್ ಮೇಲ್ಸೇತುವೆಗೆ 2017ರಲ್ಲಿ ಕೆಲಸ ಶುರುವಾಯಿತು, 2019ಕ್ಕೆ ಮುಗಿಯಬೇಕಿತ್ತು. ಗಡುವು ದಾಟಿ ಎಷ್ಟೋ ವರ್ಷ ಬರೀ ಕಂಬಗಳು ಆಕಾಶ ನೋಡುತ್ತಾ ನಿಂತಿದ್ದವು. ಕಾರಿನವರೂ ಕಾದರು ಅಂತ ಬಡವರು ಸಮಾಧಾನ ಪಟ್ಟುಕೊಳ್ಳಬಹುದು.

ಈಗೀಗ ಇಂಥ ಯೋಜನೆಗಳಿಗೆ ಬಣ್ಣದ ಚಿತ್ರಗಳೂ ಬರುತ್ತವೆ. ಕಂಪ್ಯೂಟರಿನಲ್ಲಿ ಬರೆದವು. ಒಂದನ್ನು ಹತ್ತಿರದಿಂದ ನೋಡಿ. ಕಟ್ಟಡದ ಮುಂದೆ ಹಸಿರು ಹುಲ್ಲು. ಜಾಗಿಂಗ್ ಮಾಡುವ ಹುಡುಗಿ, ಕಿವಿಗೆ ಇಯರ್‌ಫೋನ್. ನಾಯಿ ಹಿಡಿದುಕೊಂಡ ಬಿಳಿ ಪ್ಯಾಂಟಿನ ಗಂಡಸು. ಬಲೂನು ಹಿಡಿದ ಮಗು. ಬಾಲ್ಕನಿಯಲ್ಲಿ ಒಂದೂ ಸೀರೆ ಒಣಗಲು ಹಾಕಿಲ್ಲ. ಖಾಲಿ ಬಿಂದಿಗೆಗಳ ಸಾಲಿಲ್ಲ, ನೀರಿನ ಟ್ಯಾಂಕರಿಲ್ಲ. ಸೊಪ್ಪಿನ ತಳ್ಳುಗಾಡಿ ನಿಲ್ಲಿಸಲು ಜಾಗ ಹುಡುಕಿ, ಸಿಗಲ್ಲ. ಬಡವರಿಗಾಗಿ ಕಟ್ಟುವ ಮನೆಯ ಚಿತ್ರದಲ್ಲಿ ಬಡವರೊಬ್ಬರು ಬಿಟ್ಟು ಬೇರೆಲ್ಲರೂ ಇದ್ದಾರೆ. ಚಿತ್ರ ಬರೆದವರಿಗೆ ಮುಂದಾಗೋದು ಮೊದಲೇ ಗೊತ್ತಿತ್ತು ಅನ್ನಿಸುತ್ತೆ.

ಸರಿ, ಕೈಗೆಟುಕುವ ಬೆಲೆಯ ಮನೆ ಅಂತಾರಲ್ಲ, ಯಾರ ಕೈಗೆ? ಜಿಎಸ್‌ಟಿಯವರ ಪ್ರಕಾರ ಬೆಂಗಳೂರಿನಲ್ಲಿ 45 ಲಕ್ಷ ರೂಪಾಯಿಯವರೆಗಿನ, 60 ಚದರ ಮೀಟರ್ ಒಳಗಿನ ಫ್ಲಾಟು ಈ ಲೆಕ್ಕಕ್ಕೆ ಬರುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯವರ ಪ್ರಕಾರ ಆರ್ಥಿಕವಾಗಿ ದುರ್ಬಲರು ಅಂದರೆ ವರ್ಷಕ್ಕೆ 3 ಲಕ್ಷದೊಳಗೆ ದುಡಿಯುವವರು. ಹದಿನೈದು ವರ್ಷ ಊಟ, ಬಟ್ಟೆ, ಕಾಯಿಲೆ, ಮಗಳ ಮದುವೆ ಎಲ್ಲ ಬಿಟ್ಟು ಪೂರ್ತಿ ಸಂಬಳ ಕಟ್ಟಿದರೆ ಮನೆ ನಿಮ್ಮದೇ. ಗೃಹಪ್ರವೇಶಕ್ಕೆ ಬರುವಷ್ಟು ಜೀವ ಉಳಿಸಿಕೊಂಡಿರಬೇಕು, ಅಷ್ಟೇ. ಇನ್ನು ಬ್ಯಾಂಕ್ ಸಾಲಕ್ಕೆ ಹೋದರೆ ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಸೊಪ್ಪು ಮಾರುವ ಅಜ್ಜಿ ಯಾರ ಹತ್ತಿರ ಸ್ಲಿಪ್ ಬರೆಸಬೇಕು? ದಂಟಿನ ಸೊಪ್ಪಿನ ಹತ್ತಿರವಾ?

ಅಂಥವರಿಗೇ ಸಬ್ಸಿಡಿ ಇದೆ ಅಲ್ವಾ ಅಂತೀರಿ. ಇದೆ. ರಾಜ್ಯದ ವಸತಿ ಸಚಿವರೇ ಬಹಿರಂಗವಾಗಿ ದೂರಿದ ಲೆಕ್ಕ ಕೇಳಿ. ಕೇಂದ್ರ ಸರ್ಕಾರ ಮನೆಯೊಂದಕ್ಕೆ ಒಂದೂವರೆ ಲಕ್ಷ ಕೊಡುತ್ತದಂತೆ. ಅದೇ ಮನೆಯ ಮೇಲೆ ಜಿಎಸ್‌ಟಿ ಅಂತ 1.38 ಲಕ್ಷ ವಾಪಸ್ ಪಡೆಯುತ್ತದಂತೆ. ಉಳಿದದ್ದು ಹನ್ನೆರಡು ಸಾವಿರ. ಬಾಗಿಲಿಗೆ ಒಂದು ಒಳ್ಳೆ ಬೀಗ, ಒಂದು ತೋರಣ, ಗಣಹೋಮಕ್ಕೆ ಐನೋರ ದಕ್ಷಿಣೆ, ಎಲ್ಲ ಬರುತ್ತೆ. ಮನೆ ಒಂದು ಬಿಟ್ಟು. ರಾಜ್ಯದವರೇನು ಕಮ್ಮಿಯಾ? ಫಲಾನುಭವಿ ತನ್ನ ಪಾಲು ಕಟ್ಟಲಿ ಅಂತ ಅವರು ಕಾದರು, ಸರ್ಕಾರ ಏನಾದರೂ ಮಾಡಲಿ ಅಂತ ಫಲಾನುಭವಿ ಕಾದರು. ಸ್ಲಂ ಬೋರ್ಡಿನ ಮನೆಗಳು ವರ್ಷಗಟ್ಟಲೆ ಅರ್ಧಕ್ಕೇ ನಿಂತವು. ಎಲ್ಲರಿಗೂ ಸೂರು ಅನ್ನುವ ಘೋಷಣೆಗೆ 2022ರ ಗಡುವಿತ್ತು. 2022 ಮಾತ್ರ ಸರಿಯಾದ ಸಮಯಕ್ಕೆ ಬಂದು ಹೋಯಿತು.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದು ಲೆಕ್ಕ. ಇಡಬ್ಲ್ಯೂಎಸ್ ಮನೆಗೆ ಆವಾಸ್ ಯೋಜನೆ ಕೊಟ್ಟ ಅಳತೆ 30 ಚದರ ಮೀಟರ್. ಅದರಲ್ಲೇ ಅಡುಗೆ, ಸ್ನಾನ, ಅತ್ತೆ, ಮಾವ, ಇಬ್ಬರು ಮಕ್ಕಳು, ದೇವರು, ಗ್ಯಾಸ್ ಸಿಲಿಂಡರ್. ಇನ್ನು ನಮ್ಮ ದೇಶದ ನಗರ ಯೋಜಕರ ಮಾಮೂಲಿ ಲೆಕ್ಕದಲ್ಲಿ ಬೇಸ್‌ಮೆಂಟಿನಲ್ಲಿ ಒಂದು ಕಾರು ನಿಲ್ಲಲು, ತಿರುಗಲು ಎಲ್ಲ ಸೇರಿ ಬೇಕಾದ ಜಾಗ 32 ಚದರ ಮೀಟರ್. ಮಾಲಿನ ಕೆಳಗೆ ಕಾರೊಂದು ಸಿನಿಮಾ ಮುಗಿಯುವವರೆಗೆ ನಿಲ್ಲಲು ಇಷ್ಟು. ಮಾಲಿನ ಪಕ್ಕ ಸಂಸಾರವೊಂದು ಜೀವನವಿಡೀ ಇರಲು ಅದಕ್ಕಿಂತ ಎರಡು ಚದರ ಮೀಟರ್ ಕಮ್ಮಿ.

ಆದ್ದರಿಂದ ಮುಂದಿನ ಸಲ ಅರ್ಜಿ ಕರೆದಾಗ ಕುಟುಂಬ ಅಂತ ಬರೆಯಲೇಬೇಡಿ. ಕಾರು ಅಂತ ಬರೆಸಿ. ಜಾಗ ಜಾಸ್ತಿ ಸಿಗುತ್ತೆ. ಜಾತಿ ಪ್ರಮಾಣಪತ್ರ ಬೇಡ, ಎಮಿಷನ್ ಸರ್ಟಿಫಿಕೇಟ್ ಸಾಕು. ಬ್ಯಾಂಕಿನವರು ತಾವೇ ಫೋನ್ ಮಾಡಿ ಸಾಲ ಕೊಡುತ್ತಾರೆ. ಬೇರೆ ಕಡೆ ಎತ್ತಿಕೊಂಡು ಹೋಗಬೇಕಾಗಿ ಬಂದರೂ ಜೆಸಿಬಿ ತರಲ್ಲ, ಗೀಚು ಬೀಳದ ಹಾಗೆ ಟೋಯಿಂಗ್ ಗಾಡಿ ತರುತ್ತಾರೆ. ಅದಕ್ಕೂ ಮೊದಲು ಮೈಕಿನಲ್ಲಿ ನಂಬರ್ ಕೂಗಿ, ಮಾಲೀಕರು ಬರಲಿ ಅಂತ ಎರಡು ನಿಮಿಷ ಕಾಯುತ್ತಾರೆ.