ನಾಯಿ ಬರುವ ಮುನ್ನ ಸ್ವೆಟರ್

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕಥೆ ಹಳೆಯದು. ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ರಾಯರದು ಹೊಸದು.

2023ರ ದಸರೆಯಲ್ಲಿ ರಾಯರ ಮಗಳು ನಾಯಿ ಬೇಕೆಂದಳು. ಕೇಳಿದ್ದು ಬರೀ ನಾಯಿಯನ್ನು. ಸೈಬೀರಿಯನ್ ಹಸ್ಕಿಯೇ ಆಗಬೇಕೆಂದು ತೀರ್ಮಾನಿಸಿದವರು ರಾಯರು, ಏಕೆಂದರೆ ಎದುರು ಬ್ಲಾಕಿನವರ ಬಳಿ ಆಗಲೇ ಲ್ಯಾಬ್ರಡಾರ್ ಇತ್ತು.

ರಾಯರು ಜವಾಬ್ದಾರಿಯ ಮನುಷ್ಯ. ಸೈಟು ಕೊಳ್ಳುವಾಗ ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿದ್ದವರು. ಸಾಕುಪ್ರಾಣಿ ತರುವ ಮುನ್ನ ಮನೆಯವರೆಲ್ಲ ಸಿದ್ಧರಾಗಬೇಕೆಂದು ಎಲ್ಲಿಯೋ ಓದಿದ್ದರು, ಸಿದ್ಧತೆಗೆ ಇಳಿದೇಬಿಟ್ಟರು. ನಾಯಿಯ ಹಾಸಿಗೆ ವಾಯವ್ಯದಲ್ಲಿರಲಿ ಎಂದರು ವಾಸ್ತು ನೋಡುವವರು. ಆ ಮೂಲೆಯಲ್ಲಿದ್ದ ವಾಷಿಂಗ್ ಮೆಷೀನ್ ಬಾಲ್ಕನಿಗೆ ಹೋಯಿತು. ಸಂಖ್ಯಾಶಾಸ್ತ್ರದವರು ಹೆಸರಿಗೆ ಒಂದು ಅಕ್ಷರ ಹೆಚ್ಚಿಗೆ ಸೇರಿಸಿದರು. ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು, ಯಾರದೋ ಮರಿಯ ಚಿತ್ರ ಹಾಕಿದ್ದಾಯಿತು. ಮೈಸೂರಿನ ಅಜ್ಜಿ ಐದು ಸ್ವೆಟರ್ ಹೆಣೆದು ಕಳುಹಿಸಿದರು. ಸೈಬೀರಿಯಾದ ಚುಕ್ಚಿ ಜನರ ಜಾರುಬಂಡಿ ಎಳೆದುಕೊಂಡು ಹಿಮದಲ್ಲಿ ಬೆಳೆದ ತಳಿ ಅದು. ದೇವರು ಒಳಗೊಂದು ಹೊರಗೊಂದು ಎಂದು ಎರಡು ಪದರ ಕೂದಲು ಕೊಟ್ಟಿದ್ದಾನೆ. ಮೂರನೆಯ ಪದರ ಅಜ್ಜಿಯ ಕೊಡುಗೆ.

ಇಷ್ಟರ ನಡುವೆ ನಾನು ಸುಮ್ಮನಿರಬೇಕಿತ್ತು. "ದಿನಾ ಬೆಳಿಗ್ಗೆ ಆರಕ್ಕೆ ಇದನ್ನು ಓಡಾಡಿಸುವವರು ಯಾರು?" ಎಂದುಬಿಟ್ಟೆ. ಮದುವೆಮನೆಯಲ್ಲಿ ಛತ್ರದ ಬಾಕಿ ಯಾರು ಕೊಡುತ್ತೀರಿ ಎಂದು ಕೇಳಿದ ಹಾಗಾಯಿತು. ರಾಯರಿಗೆ ಕಚೇರಿ, ಅವರ ಶ್ರೀಮತಿಗೆ ಮಂಡಿನೋವು, ಮಗಳಿಗೆ ಟ್ಯೂಷನ್. ಎಲ್ಲರ ಕಣ್ಣೂ ಅಡುಗೆಗೆ ಬರುವಾಕೆಯ ಕಡೆಗೆ ತಿರುಗಿತು. ಆಕೆ ಒಲೆಯ ಉರಿ ಸಣ್ಣಗೆ ಮಾಡಿ, "ನನಗೆ ನಾಯಿ ಕಂಡರೆ ಭಯ, ಅಮ್ಮಾ" ಎಂದಳು. ಆ ಮನೆಯಲ್ಲಿ ಪೂರ್ತಿ ಸಿದ್ಧತೆ ಮಾಡಿಕೊಂಡಿದ್ದವಳು ಅವಳೊಬ್ಬಳೇ.

ಜನವರಿಯಲ್ಲಿ ಮರಿ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಎಷ್ಟು ದಿನದ್ದೆಂದು ಕೇಳಿದರೆ, ತಂದು ಕೊಟ್ಟವನು "ಎರಡು ತಿಂಗಳೇ ಅಂದುಕೊಳ್ಳಿ" ಎಂದ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ತಳಿ ಬೆಳೆಸುವವರು ನೋಂದಣಿ ಮಾಡಿಸಿರಬೇಕು ಎಂದು 2017ರಿಂದಲೂ ಕೇಂದ್ರದ ನಿಯಮವಿದೆ. ಈ ಮರಿಗೆ ಇನ್ನೂ ಕಣ್ಣಿನ ಮಂಜು ಸರಿಯಾಗಿ ಹರಿದಿರಲಿಲ್ಲ. ಮೂವತ್ತು ವರ್ಷದ ಇ.ಸಿ. ತೆಗೆಸಿದ್ದ ರಾಯರು ಇಲ್ಲಿ ಒಂದು ಚೀಟಿಯನ್ನೂ ಕೇಳಲಿಲ್ಲ. "ಪೇಪರ್ ಬೇಕಾದರೆ ಎಂಟು ಸಾವಿರ ಹೆಚ್ಚಾಗುತ್ತದಂತೆ" ಎಂದರು.

ನಾಮಕರಣಕ್ಕೆ ತೊಟ್ಟಿಲು, ಬೆಳ್ಳಿ ಬಟ್ಟಲು, ಪುರೋಹಿತರು ಎಲ್ಲವೂ ಇದ್ದವು. ಮರಿಯ ಬಾಯಿಗೆ ಚಾಕೊಲೇಟ್ ಕೇಕ್ ಇಡಹೊರಟರು. ನಾಯಿಗೆ ಚಾಕೊಲೇಟ್ ವಿಷ ಎಂದು ಕೂಗಿಕೊಂಡೆ. ಹಾಗಾದರೆ ಈರುಳ್ಳಿ ಬಜ್ಜಿ ಎಂದರು ರಾಯರ ನಾದಿನಿ. ಈರುಳ್ಳಿಯೂ ಆಗದು ಎಂದೆ. ಪಾಯಸ? ಅದರಲ್ಲಿ ಒಣದ್ರಾಕ್ಷಿ ತೇಲುತ್ತಿತ್ತು. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. "ಇವರು ಯಾವಾಗಲೂ ಅಪಶಕುನವೇ" ಎಂದು ಯಾರೋ ಗೊಣಗಿದರು. ಕೊನೆಗೆ ಮರಿ ತಾನೇ ಆರಿಸಿಕೊಂಡು ಪುರೋಹಿತರ ಚಪ್ಪಲಿ ತಿಂದಿತು.

ಮಾರ್ಚ್‌ನಲ್ಲಿ ಸಂಘದ ಸಭೆ. ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗೆ ಜನ ಬಡಿದಾಡುತ್ತಿದ್ದ ದಿನಗಳು. ನೀರಿನ ಚರ್ಚೆ ಹತ್ತು ನಿಮಿಷ ನಡೆಯಿತು, ನಾಯಿಯದು ಎರಡು ಗಂಟೆ. ಅದೇ ತಿಂಗಳು ಕೇಂದ್ರ ಸರ್ಕಾರ ಇಪ್ಪತ್ತಮೂರು ಅಪಾಯಕಾರಿ ತಳಿಗಳ ಸುತ್ತೋಲೆ ಹೊರಡಿಸಿತ್ತು. ಅದರಲ್ಲಿ ಹಸ್ಕಿ ಇರಲಿಲ್ಲ, ತೋಳನಾಯಿ ಇತ್ತು. "ಇದರ ಮುಖ ತೋಳದ ಹಾಗೆಯೇ ಇದೆಯಲ್ಲ" ಎಂದರು ಕಾರ್ಯದರ್ಶಿ. ಮರುತಿಂಗಳು ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ಕಾರ್ಯದರ್ಶಿಗಳ ಸಂಶಯ ಮಾತ್ರ ರದ್ದಾಗಲಿಲ್ಲ. ಸಾಕುನಾಯಿಗೆ ಲಿಫ್ಟ್ ನಿರಾಕರಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಓದಿ ಹೇಳಿದೆ. ಬಿಸಿಬಿಸಿ ವಾದದ ನಂತರ, ನಾಯಿ ಲಿಫ್ಟಿನಲ್ಲಿ ಹೋಗಬಹುದು, ಆದರೆ ಮನುಷ್ಯರ ಜೊತೆ ಹೋಗುವಂತಿಲ್ಲ ಎಂಬ ಠರಾವು ಬಹುಮತದಿಂದ ಅಂಗೀಕಾರವಾಯಿತು. ಗುಂಡಿ ಒತ್ತುವವರು ಯಾರೆಂಬುದನ್ನು ಮುಂದಿನ ಸಭೆಗೆ ಬಿಡಲಾಯಿತು.

ನಮ್ಮ ಗೇಟಿನ ಕಾವಲುಗಾರರು ಮುಧೋಳದ ಕಡೆಯವರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆಯೂ ತರಬೇತಿಗೆ ಕರೆದೊಯ್ದ ನಾಯಿಯ ಊರಿನವರು. ಹಸ್ಕಿಯ ಬದಲು ಮುಧೋಳದ ಮರಿ ತರಬಹುದಿತ್ತಲ್ಲವೇ ಎಂದು ಅವರನ್ನು ಕೇಳಿದೆ. ಸ್ವದೇಶಿ ಅಭಿಮಾನದ ಮಾತನ್ನು ನಿರೀಕ್ಷಿಸಿದ್ದೆ. ಅವರು ನಕ್ಕರು: "ಅದು ಮೊಲದ ಹಿಂದೆ ಓಡುವ ನಾಯಿ, ಸಾಹೇಬರೇ. ನಿಮ್ಮ ಬಾಲ್ಕನಿಯಲ್ಲಿ ಮೊಲ ಎಲ್ಲಿದೆ?" ಅವರ ಕಾಲಬಳಿ ಮಲಗಿದ್ದ ಬೀದಿನಾಯಿ ಅರ್ಧ ರೊಟ್ಟಿ ತಿಂದು, ಉಳಿದರ್ಧವನ್ನು ಕಾಯುತ್ತಿತ್ತು. ಅದಕ್ಕೆ ನಾಮಕರಣವಾಗಿಲ್ಲ. ರೇಬೀಸ್ ಚುಚ್ಚುಮದ್ದನ್ನು ಕಾವಲುಗಾರರೇ ಹಾಕಿಸಿದ್ದಾರೆ.

ಏಪ್ರಿಲ್‌ನ ಕೊನೆಗೆ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತು. ಹಸ್ಕಿ ದಿನವಿಡೀ ಬಚ್ಚಲುಮನೆಯ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿತು. ಸ್ನಾನ ಮಾಡುವವರು ಅದನ್ನು ದಾಟಿಕೊಂಡು ಹೋದರು. ರಾತ್ರಿ ಅದು ಊಳಿಟ್ಟರೆ ಎದುರು ಬ್ಲಾಕಿನ ಲ್ಯಾಬ್ರಡಾರ್ ಉತ್ತರ ಕೊಡುತ್ತಿತ್ತು. ಎ.ಸಿ. ಹಾಕಿಸಿದರು, ಕರೆಂಟು ಬಿಲ್ಲು ಬಂತು, ಎ.ಸಿ. ಆರಿತು. ಓಡಾಡಿಸಲು ಒಬ್ಬ ಹುಡುಗನನ್ನು ಇಟ್ಟರು. ಅವನು ಅದನ್ನು ಗೇಟಿನವರೆಗೆ ಕರೆದೊಯ್ದು, ಕಟ್ಟಿ, ಮೊಬೈಲ್ ನೋಡುತ್ತಿದ್ದ. ಇನ್‌ಸ್ಟಾಗ್ರಾಂನಲ್ಲಿ ಮಾತ್ರ ಅದು ದಿನವೂ ಉಲ್ಲಾಸದಿಂದಿತ್ತು.

ಜೂನ್ ಎರಡನೆಯ ವಾರ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ರಾಯರ ಸಂದೇಶ ಬಂತು. ಹಸ್ಕಿ, ಹೆಣ್ಣು, ಏಳು ತಿಂಗಳು, ಶಾಂತ ಸ್ವಭಾವ, ಉಚಿತ. ಜೊತೆಗೆ ತೊಟ್ಟಿಲು, ಬೆಳ್ಳಿ ಬಣ್ಣದ ಬಟ್ಟಲು, ಬಳಸದ ಸ್ವೆಟರ್ ಐದು. ಕೆಳಗೆ ದಪ್ಪ ಅಕ್ಷರದಲ್ಲಿ: ಜವಾಬ್ದಾರಿಯುತ ಕುಟುಂಬದವರು ಮಾತ್ರ ಸಂಪರ್ಕಿಸಿ.