ಡಿಎಲ್ ಬಂತು, ಸರಿ. ಗಾಡಿ ಓಡಿಸೋದು ಯಾವಾಗ ಕಲಿಯೋದು?

ಅಪಘಾತದ ಸುದ್ದಿ ಬಂದಾಗಲೆಲ್ಲ ಎಲ್ಲರ ಬಾಯಲ್ಲೂ ಅದೇ ಮಾತು. ರಸ್ತೆ ಸರಿ ಇಲ್ಲ, ಪೊಲೀಸರು ಬರೀ ಫೈನ್ ಹಾಕೋಕೆ ನಿಂತಿರ್ತಾರೆ, ಲಾರಿಯವರು ಕುಡಿದು ಓಡಿಸ್ತಾರೆ. ಇದರಲ್ಲೆಲ್ಲ ಅಷ್ಟಿಷ್ಟು ನಿಜ ಇದೆ. ಆದರೆ ಸ್ಟೀರಿಂಗ್ ಹಿಡಿದವನಿಗೆ ಗಾಡಿ ಓಡಿಸೋಕೆ ಬರ್ತಿತ್ತಾ ಅಂತ ಮಾತ್ರ ಯಾರೂ ಕೇಳಲ್ಲ. ಡಿಎಲ್ ಇತ್ತಲ್ಲ, ಅಂದ್ಮೇಲೆ ಬರ್ತಿತ್ತು ಅಂತ ಲೆಕ್ಕ.

ನನ್ನನ್ನು ಕೇಳಿದರೆ, ನಮ್ಮಲ್ಲಿ ಬಹಳ ಜನಕ್ಕೆ ಗಾಡಿ ಹೊರಡಿಸೋಕೆ ಬರುತ್ತೆ, ರಸ್ತೆಯಲ್ಲಿ ಓಡಿಸೋಕೆ ಬರಲ್ಲ. ಯಾಕಂದ್ರೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಡ್ರೈವಿಂಗ್ ಸ್ಕೂಲಿನ ಕ್ಲಾಸು ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಬೆಳಗ್ಗೆ ಆರೂವರೆಗೆ ಎಲ್ ಬೋರ್ಡಿನ ಹಳೇ ಕಾರು ಮನೆ ಮುಂದೆ ಬಂದು ನಿಲ್ಲುತ್ತೆ. ಹಿಂದಿನ ಸೀಟಲ್ಲಿ ಆಗಲೇ ಇಬ್ಬರು ಆಕಳಿಸ್ತಾ ಕೂತಿರ್ತಾರೆ. ಮಾಸ್ಟ್ರ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ನಾವು ಹಾಫ್ ಕ್ಲಚ್ಚಲ್ಲಿ ಒದ್ದಾಡ್ತಿದ್ರೆ ಅವರೇ ಒತ್ತಿ ಸುಧಾರಿಸ್ತಾರೆ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಖಾಲಿ ಬಡಾವಣೆಯಲ್ಲಿ ನಾಲ್ಕು ಸುತ್ತು ಹಾಕಿಸಿ, ಕೊನೇ ವಾರ ರಿವರ್ಸು, ಆಮೇಲೆ ಮೈದಾನಕ್ಕೆ ಕರ್ಕೊಂಡು ಹೋಗಿ ಎಂಟು ಹಾಕಿಸಿದ್ರೆ ಕೋರ್ಸ್ ಮುಗೀತು. ರಾತ್ರಿ ಓಡಿಸೋದು, ಮಳೇಲಿ ಓಡಿಸೋದು, ಹೈವೇ, ಘಾಟಿ, ಲಾರಿ ಹಿಂದೆ ಎಷ್ಟು ದೂರ ಇರಬೇಕು ಅನ್ನೋದು, ಇದಾವುದೂ ಇಲ್ಲ. ಇನ್ನು ಡಿಎಲ್‌ಗೂ ಮುಂಚಿನ ಎಲ್‌ಎಲ್ (ಲರ್ನರ್ ಲೈಸೆನ್ಸ್) ಪರೀಕ್ಷೆ ಈಗ ಆಧಾರ್ ಇದ್ದರೆ ಮನೆಯಲ್ಲೇ ಆನ್‌ಲೈನಲ್ಲಿ ಬರೀಬಹುದು. ಪಕ್ಕದಲ್ಲಿ ಕೂತು ಉತ್ತರ ಹೇಳೋ ಅಣ್ಣಂದಿರಿಗೆ ನಮ್ಮಲ್ಲಿ ಬರವೇ?

ಅಕ್ಕನ ಮಗ ಡಿಎಲ್ ಬಂದ ಖುಷಿಗೆ ನಮ್ಮನ್ನೆಲ್ಲ ಕೂರಿಸ್ಕೊಂಡು ತುಮಕೂರಿಂದ ನೆಲಮಂಗಲದ ಕಡೆ ಹೊರಟ. ಹುಡುಗನ ಕೈ ಚೆನ್ನಾಗಿದೆ, ಗೇರು ಬೆಣ್ಣೆ ಥರ ಬೀಳುತ್ತೆ. ಆದರೆ ಕನ್ನಡಿ ಕಡೆ ತಿರುಗಿಯೂ ನೋಡಲ್ಲ. ಲೇನ್ ಬದಲಿಸೋ ಮುಂಚೆ ಹಿಂದೆ ಯಾರಿದ್ದಾರೆ ನೋಡೋ ಅಂದ್ರೆ, "ಮಾಮ, ಇಂಡಿಕೇಟರ್ ಹಾಕಿದೀನಲ್ಲ, ಹಿಂದಿನೋರು ನೋಡ್ಕೋತಾರೆ ಬಿಡಿ" ಅಂದ. ಈ 'ನೋಡ್ಕೋತಾರೆ ಬಿಡಿ' ಮೇಲೇ ನಮ್ಮ ರಸ್ತೆಗಳು ನಡೀತಿರೋದು. ಅಡ್ಡರಸ್ತೆಯಿಂದ ಬೈಕ್ ನುಗ್ಗಿಸೋನು ಮೇನ್ ರೋಡಲ್ಲಿ ಬರೋರು ನೋಡ್ಕೋತಾರೆ ಅಂತಾನೆ. ರಾಂಗ್ ಸೈಡಲ್ಲಿ ಬರೋನು ಎದುರಿನೋರು ನೋಡ್ಕೋತಾರೆ ಅಂತಾನೆ. ಒಂದು ದಿನ ಇಬ್ಬರೂ ಹಾಗೇ ಅಂದ್ಕೊಂಡಿರ್ತಾರೆ.

ಆ ಹೈವೇಯಲ್ಲಿ ಲಾರಿಗಳು ಬಲಗಡೆ ಲೇನು ಹಿಡಿದು ಹೋಗ್ತವೆ, ನಾವೆಲ್ಲ ಎಡದಿಂದ ನುಸುಳ್ತೀವಿ. ಲಾರಿ ಡ್ರೈವರಿಗೆ ಅತೀ ಕಮ್ಮಿ ಕಾಣೋದೇ ಆ ಎಡಭಾಗ. ಅವನು ಕೂತಿರೋದು ಬಲಕ್ಕೆ, ಅದೂ ಆಳೆತ್ತರದಲ್ಲಿ. ಎಡ ಬಾಗಿಲ ಪಕ್ಕಕ್ಕೆ ಬಂದ ಬೈಕು ಅವನ ಪಾಲಿಗೆ ಇಲ್ಲವೇ ಇಲ್ಲ. ಲಾರಿ ಕನ್ನಡಿಯಲ್ಲಿ ಡ್ರೈವರಿನ ಮುಖ ನಮಗೆ ಕಾಣ್ತಿಲ್ಲ ಅಂದ್ರೆ ನಾವೂ ಅವನಿಗೆ ಕಾಣ್ತಿಲ್ಲ. ಇದನ್ನು ಹೇಳೋಕೆ ಎರಡು ನಿಮಿಷ ಸಾಕು. ಡ್ರೈವಿಂಗ್ ಸ್ಕೂಲಲ್ಲಿ ಇದನ್ನು ಕೇಳಿಸ್ಕೊಂಡವರು ಯಾರಾದರೂ ಇದ್ದೀರಾ?

ವೇಗದ ಲೆಕ್ಕವೂ ಅಷ್ಟೇ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ ಹತ್ತಿರತ್ತಿರ 28 ಮೀಟರ್. ಮುಂದಿನ ಗಾಡಿಯ ಕೆಂಪು ದೀಪ ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರೋದಕ್ಕೆ ಒಂದೂವರೆ ಸೆಕೆಂಡು ಅಂತಿಟ್ಕೊಳ್ಳಿ. ಅಷ್ಟರಲ್ಲಿ ಕಾರು 40 ಮೀಟರ್ ದಾಟಿ ಹೋಗಿರುತ್ತೆ, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಹಿಡಿದ ಮೇಲೂ ಒಣ ರಸ್ತೆಯಲ್ಲೇ ಇನ್ನೊಂದು 50 ಮೀಟರ್ ಬೇಕು. ವೇಗ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ ಮೇಲೆ ಓಡೋ ದೂರ ನಾಲ್ಕು ಪಟ್ಟಾಗುತ್ತೆ. ಹೈಸ್ಕೂಲ್ ಭೌತಶಾಸ್ತ್ರ ಇದು, ಎಲ್ಲರೂ ಪಾಸಾಗಿದ್ದೀವಿ. ಆದರೂ 100ರಲ್ಲಿ ಹೋಗ್ತಾ ಮುಂದಿನ ಕಾರಿನ ನಂಬರ್ ಪ್ಲೇಟಿಗೆ ಮೂತಿ ತಾಗಿಸ್ಕೊಂಡು ಹಾರ್ನ್ ಹೊಡೀತಿರ್ತೀವಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಅದೇ ವರದಿ ಹೇಳುತ್ತೆ.

ಕಾನೂನಲ್ಲಿ ಪಾಠವೇ ಇಲ್ಲ ಅಂತಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ, ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಕಾರು ಕಲಿಯೋರಿಗೆ ನಾಲ್ಕು ವಾರದಲ್ಲಿ 29 ಗಂಟೆ ಪಾಠ ಅಂತಿದೆ, ಅದರಲ್ಲಿ 8 ಗಂಟೆ ತರಗತಿಯಲ್ಲಿ ಕೂತು ಕಲಿಯೋದು. ಕಾಗದದ ಮೇಲೆ ಚೆನ್ನಾಗಿದೆ. ನಮ್ಮ ಓಣಿಯ ಸ್ಕೂಲಿನ ದಿನಕ್ಕೆ ಅರ್ಧ ಗಂಟೆಯ ಕೋರ್ಸಿಗೆ ಅದರ ಗಾಳಿಯೂ ಸೋಕಿಲ್ಲ. ಡಿಎಲ್ ಪರೀಕ್ಷೆಗೆ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಮಾಡಿರೋ ಥರದ ಸೆನ್ಸರ್ ಟ್ರ್ಯಾಕ್ ಎಲ್ಲ ಕಡೆ ಬರಲಿ, ಬೇಡ ಅನ್ನಲ್ಲ. ಅಲ್ಲಿ ಏಜೆಂಟಿನ ಆಟ ಕಮ್ಮಿಯಾಗುತ್ತೆ. ಆದರೆ ಟ್ರ್ಯಾಕಲ್ಲಿ ಅಡ್ಡ ಬರೋ ಹಸು ಇರಲ್ಲ, ಎದುರಿಂದ ಹೈ ಬೀಮಲ್ಲಿ ಕಣ್ಣಿಗೆ ಹೊಡೆಯೋನೂ ಇರಲ್ಲ.

ಇನ್ನು ಕ್ಯಾಮೆರಾ. 2023ರ ಮಾರ್ಚಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯ್ತು. ಮೊದಲ ಕೆಲವು ತಿಂಗಳು ದಿನಾ ಅಪಘಾತದ ಸುದ್ದಿ. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ನಿಷೇಧಿಸಿದ್ರು, ಆಮೇಲೆ ಸ್ಪೀಡ್ ಕ್ಯಾಮೆರಾ ಬಂತು, ಸಾವು ಇಳೀತು. ಒಳ್ಳೇದೇ ಆಯ್ತು. ಆದರೆ ಈಗ ಅಲ್ಲಿ ಹೋಗಿ ನೋಡಿ, ಕ್ಯಾಮೆರಾ ಎಲ್ಲಿದೆ ಅಂತ ಮ್ಯಾಪ್ ಹೇಳುತ್ತೆ. ಅಲ್ಲಿಗೆ ಬಂದಾಗ ಎಲ್ಲರೂ ಸಾಧು, ದಾಟಿದ ಕೂಡಲೇ ಮತ್ತೆ ಅದೇ 130. ಅದರ ಮೇಲೆ 2023ರ ಫೆಬ್ರವರಿಯಲ್ಲಿ ಹಳೇ ಫೈನಿಗೆಲ್ಲ ಅರ್ಧ ರಿಯಾಯಿತಿ ಅಂತ ಸರ್ಕಾರವೇ ಹೇಳಿತ್ತು. ಜನ ಸಂಚಾರ ಪೊಲೀಸ್ ಠಾಣೆ ಮುಂದೆ ಆಷಾಢದ ಸೀರೆ ಸೇಲಿಗೆ ನಿಂತಂಗೆ ಕ್ಯೂ ನಿಂತ್ರು. ಬಾಕಿ ವಸೂಲಾಯ್ತು, ಸರಿ. ಆದರೆ ತಪ್ಪಿಗೂ ಡಿಸ್ಕೌಂಟ್ ಸಿಗುತ್ತೆ, ಕಾದರಾಯ್ತು ಅನ್ನೋ ಪಾಠವೂ ಜನಕ್ಕೆ ಸಿಕ್ಕಿತು.

ನನಗೆ ನಿಜವಾಗಿ ಕೋಪ ಬರೋದು ಅಪ್ಪಂದಿರ ಮೇಲೆ. ಪಿಯುಸಿಗೆ ಸೇರಿದ ಮಗನಿಗೆ ಬೈಕ್ ಕೀ ಕೊಟ್ಟು, "ನಮ್ಮ ಹುಡ್ಗ ಎಂಟನೇ ಕ್ಲಾಸಿಂದಾನೇ ಓಡಿಸ್ತಾನೆ" ಅಂತ ನೆಂಟರ ಮುಂದೆ ಮೀಸೆ ತಿರುವೋರು. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾದ ಮೇಲೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದ್ರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬೋವರೆಗೂ ಲೈಸೆನ್ಸ್ ಇಲ್ಲ. ಎಷ್ಟು ಅಪ್ಪಂದಿರಿಗೆ ಇದು ಗೊತ್ತಿದೆ? 2024ರ ಮೇನಲ್ಲಿ ಪುಣೆಯಲ್ಲಿ 17 ವರ್ಷದ ಹುಡುಗ ಓಡಿಸಿದ ಪೋರ್ಷೆ ಕಾರಿಗೆ ಸಿಕ್ಕು ಇಬ್ಬರು ಎಂಜಿನಿಯರುಗಳು ಸತ್ತರು. ಮೊದಲು ಜಾಮೀನು ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಅಪಘಾತದ ಬಗ್ಗೆ 300 ಪದದ ಪ್ರಬಂಧ ಬರೆಯೋದೂ ಒಂದು. ದೇಶವೆಲ್ಲ ಉಗೀತು. ಆದರೆ ಆ ಮನೆಯಲ್ಲಿ ಇದ್ದದ್ದು ಪೋರ್ಷೆ, ನಮ್ಮ ಮನೆಯಲ್ಲಿ ಇರೋದು ಸ್ಕೂಟಿ. ಕೀ ಕೊಡೋ ಕೈಗೆ ಅಷ್ಟೇ ವ್ಯತ್ಯಾಸ.

ದೊಡ್ಡೋರ ಕಥೆಯೂ ಏನು ಕಮ್ಮಿ ಇಲ್ಲ. 2022ರ ಸೆಪ್ಟೆಂಬರಲ್ಲಿ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ತೀರ್ಕೊಂಡಾಗ ಹಿಂದಿನ ಸೀಟಲ್ಲಿ ಬೆಲ್ಟ್ ಹಾಕದೆ ಕೂತಿದ್ರು. ಒಂದು ವಾರ ಎಲ್ಲರೂ ಹಿಂದೆ ಬೆಲ್ಟ್ ಹುಡುಕಿದ್ವಿ. ಸೀಟ್ ಕವರಿನ ಒಳಗೆ ಸೇರಿಹೋಗಿತ್ತು, ಮತ್ತೆ ಅಲ್ಲೇ ಇದೆ. ಮಗುವನ್ನು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸ್ಕೊಳ್ಳೋದಂತೂ ಪ್ರೀತಿ ಅನ್ನಿಸ್ಕೊಳ್ಳುತ್ತೆ.

ಹಳ್ಳಿ ಕಡೆಯೋರು ಬೇಜಾರ್ ಮಾಡ್ಕೊಳ್ಳಬೇಡಿ, ನಿಮಗೂ ಒಂದು ಮಾತಿದೆ. ಒಕ್ಕಣೆ ಕಾಲದಲ್ಲಿ ಟಾರ್ ರಸ್ತೆ ಮೇಲೆ ಹುರುಳಿ, ರಾಗಿ ಹರಡ್ತೀರಲ್ಲ, ಅದರ ಮೇಲೆ ಬೈಕ್ ಬ್ರೇಕ್ ಹಿಡಿದ್ರೆ ಜಾರೋದೇ. ಕಾರಿನಡಿಗೆ ಹುರುಳಿ ಬಳ್ಳಿ ಸುತ್ಕೊಂಡು ಬೆಂಕಿ ಹತ್ತಿದ್ದೂ ಇದೆ. ಕಣ ಮಾಡೋರಿಲ್ಲ, ಆಳು ಸಿಗಲ್ಲ, ಕಷ್ಟ ಗೊತ್ತು. ಪಂಚಾಯಿತಿಯೋರು ಊರಿಗೊಂದು ಸಿಮೆಂಟ್ ಕಣ ಮಾಡಿಕೊಟ್ಟರೆ ಆಗುತ್ತೆ, ಅದನ್ನು ಪಟ್ಟು ಹಿಡಿದು ಕೇಳಿ. ಕತ್ತಲಾದ ಮೇಲೆ ಅಂಚಿಗೆ ಕಲ್ಲು ಜೋಡಿಸಿ ಹಂಗೇ ಬಿಟ್ಟು ಹೋಗೋದು ಮಾತ್ರ ಬೇಡ.

ಡ್ರೈವಿಂಗ್ ಸ್ಕೂಲ್ ನಡೆಸೋರು ಯಾರಾದರೂ ಇದನ್ನು ಓದ್ತಿದ್ರೆ ಒಂದು ಕೋರಿಕೆ. ಫೀಸಿಗೆ ಬೇಕಾದ್ರೆ ಸಾವಿರ ರೂಪಾಯಿ ಸೇರಿಸಿ. ಒಂದು ದಿನ ಕತ್ತಲಾದ ಮೇಲೆ ಹೈವೇಗೆ ಕರ್ಕೊಂಡು ಹೋಗಿ, ಎದುರು ಗಾಡಿ ಬಂದಾಗ ಡಿಮ್ ಮಾಡೋದು ಅಭ್ಯಾಸ ಮಾಡಿಸಿ. ನಿಂತಿರೋ ಲಾರಿಯ ಸೀಟಿಗೆ ಒಂದು ಸಲ ಹತ್ತಿಸಿ ಕೂರಿಸಿ, ಎಡಗಡೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಅವರೇ ನೋಡಲಿ. ನಮ್ಮ ತಂಗಿ ಮಗಳಿಗೆ ಮುಂದಿನ ತಿಂಗಳು ಹದಿನೆಂಟು ತುಂಬುತ್ತೆ. ತುಮಕೂರಿನ ಆಸುಪಾಸಲ್ಲಿ ಹೀಗೆ ಕಲಿಸೋರಿದ್ರೆ ಇನ್‌ಬಾಕ್ಸಿಗೆ ಬನ್ನಿ.